ಕುದಿಸಿದರೂ ಕೆಡದ ಪ್ರೋಟೀನು

ಪ್ರೋಟೀನು ಶುದ್ಧಿಯ ಕೆಲಸಕ್ಕೆ ಹೊಸದಾಗಿ ಸೇರುವವರು ಮೊದಲು ಒಂದು ಒಳ್ಳೆಯ ಸ್ವೆಟರ್ ಕೊಂಡುಕೊಳ್ಳಿ. ಪುಸ್ತಕ ಆಮೇಲೆ ಕೊಂಡರೂ ನಡೆಯುತ್ತದೆ. ನನ್ನ ನೌಕರಿಯ ಬಹುಪಾಲು ಕಳೆದದ್ದು ಪುಣೆಯ ಒಂದು ಸಂಶೋಧನಾ ಸಂಸ್ಥೆಯ ಶೀತಕೋಣೆಯಲ್ಲಿ. ಹೊರಗೆ ಮೇ ತಿಂಗಳ ಬಿಸಿಲಿಗೆ ಡಾಂಬರು ಮೆತ್ತಗಾಗುತ್ತಿದ್ದರೆ, ನಾವು ಒಳಗೆ ಕಿವಿಗೆ ಮಫ್ಲರ್ ಸುತ್ತಿಕೊಂಡು, ಗಾಜಿನ ಕೊಳವೆಯಿಂದ ತೊಟ್ಟಿಕ್ಕುವ ಹನಿಗಳನ್ನು ನೋಡುತ್ತ ಕೂತಿರುತ್ತಿದ್ದೆವು. ಒಮ್ಮೆ ಧಾರವಾಡದಿಂದ ಬಂದ ನಮ್ಮವ್ವನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಬಾಗಿಲಲ್ಲೇ ಸೆರಗು ಹೊದ್ದುಕೊಂಡು ನಿಂತಳು. "ಇಷ್ಟ ಓದಿ ಕಡೀಕ ಐಸ್ ಫ್ಯಾಕ್ಟರಿ ಸೇರಿದೇನ ಮಾಲತಿ?" ಎಂದು ಕೇಳಿದಳು. ಊರಿಗೆ ಹೋಗಿ ಎಲ್ಲರಿಗೂ ಹಾಗೆಯೇ ಹೇಳಿದಳು.

ಯಾರಿಗೆ ಯಾವಾಗ ಬಡ್ತಿ ಸಿಕ್ಕಿತು, ಯಾರದು ತಪ್ಪಿತು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ಬೇಕಾದವರು ಕ್ಯಾಂಟೀನಿನಲ್ಲಿ ಒಂದು ಚಹಾ ಕುಡಿದರೆ ಸಾಕು, ಎಲ್ಲ ತಿಳಿಯುತ್ತದೆ. ನಾನು ಬರೆಯಲು ಕೂತಿರುವುದು ಶಂಕರ ಸಿಂಪಿಯ ವಿಷಯ. ಅವನ ಡಾಕ್ಟರೇಟೂ ಹೋಯಿತು, ಹೆಸರೂ ಹೋಯಿತು. ಹೋದದ್ದು ಇನ್ನೂ ಏನೇನು ಎಂಬುದು ನನಗೆ ತಿಳಿದದ್ದು ನಿವೃತ್ತಿಯಾದ ಮೇಲೆ.

ನಮ್ಮ ಕಸುಬಿನಲ್ಲಿ ಮನುಷ್ಯನನ್ನು ಅಳೆಯುವುದು ಕೈಯಿಂದ. ಪ್ರೋಟೀನುಗಳು ಹಾಲಿದ್ದ ಹಾಗೆ. ಬಿಸಿ ತಾಗಿದರೆ ಒಡೆಯುತ್ತವೆ, ಹಾಗೇ ಬಿಟ್ಟರೆ ಹಳಸುತ್ತವೆ. ಅದರಲ್ಲೂ ಕಿಣ್ವಗಳು, ಎಂದರೆ ಜೀವಕೋಶದೊಳಗಿನ ಕೆಲಸಗಳನ್ನೆಲ್ಲ ಮಾಡಿಸುವ ಪ್ರೋಟೀನುಗಳು, ಭಾರೀ ನಾಜೂಕು. ಒಂದೇ ವಿಧಾನವನ್ನು ಇಬ್ಬರು ಮಾಡಿದರೆ ಒಬ್ಬರ ಕೈಯಲ್ಲಿ ಕಿಣ್ವ ಉಳಿಯುತ್ತದೆ, ಇನ್ನೊಬ್ಬರ ಕೈಯಲ್ಲಿ ಸಾಯುತ್ತದೆ. ಏಕೆ ಎಂದು ಯಾರಿಗೂ ಬಿಡಿಸಿ ಹೇಳಲು ಬರುವುದಿಲ್ಲ. "ಕೈ ಛಲೋ ಅದ" ಎಂಬ ಮಾತು ಒಬ್ಬನ ಬಗ್ಗೆ ಬಂತೆಂದರೆ ಅವನಿಗೆ ಎಲ್ಲ ಕಡೆ ಮರ್ಯಾದೆ. ಕೈ ಕೆಟ್ಟದು ಎಂದಾಯಿತೋ, ಅವನು ತೊಳೆದ ಬಾಟಲಿಯನ್ನೂ ಪಕ್ಕದವರು ಮತ್ತೊಮ್ಮೆ ತೊಳೆದು ಬಳಸುತ್ತಾರೆ. ಅವನೆದುರಿಗೇ ತೊಳೆಯುತ್ತಾರೆ.

ನಮ್ಮ ವಿಭಾಗದ ಮುಖ್ಯಸ್ಥರು ಡಾಕ್ಟರ್ ಇನಾಮದಾರ. ಬೆಳಗಾವಿಯವರು, ಮನೆ ಸದಾಶಿವ ಪೇಠೆಯಲ್ಲಿ. ಹೊರಗೆ ಮರಾಠಿ, ಮೀಟಿಂಗಿನಲ್ಲಿ ಇಂಗ್ಲಿಷ್, ಸಿಟ್ಟು ಬಂದಾಗ ಕನ್ನಡ. ಹೀಗಾಗಿ ಅವರ ಬೈಗುಳದ ಪೂರ್ತಿ ರುಚಿ ಸಿಗುತ್ತಿದ್ದದ್ದು ಶಂಕರನಿಗೆ ಮತ್ತು ನನಗೆ ಮಾತ್ರ. ಕೆಟ್ಟ ಮನುಷ್ಯರಲ್ಲ. ವಿದ್ಯಾರ್ಥಿಗಳ ಜ್ವರಕ್ಕೆ ತಾವೇ ಗುಳಿಗೆ ತಂದುಕೊಡುವವರು, ದಸರೆಗೆ ಊರಿಗೆ ಹೋಗದವರನ್ನು ಮನೆಗೆ ಕರೆದು ಹೋಳಿಗೆ ಬಡಿಸುವವರು. ಆದರೆ ಅವರಿಗೆ ಒಂದು ದೊಡ್ಡ ನಂಬಿಕೆ ಇತ್ತು, ಅದು ಆಕಾರದ ಮೇಲೆ. ಪ್ರೋಟೀನು ಕೆಲಸ ಮಾಡಬೇಕಾದರೆ ಅದಕ್ಕೊಂದು ಗಟ್ಟಿಯಾದ, ಮಡಿಕೆ ಬಿದ್ದ ಆಕಾರ ಇರಲೇಬೇಕು. ಒಂದು ಬೀಗ, ಇನ್ನೊಂದು ಕೀಲಿ. ಆಗಿನ ಪುಸ್ತಕಗಳೆಲ್ಲ ಹಾಗೆಯೇ ಹೇಳುತ್ತಿದ್ದವು, ನಾನೂ ಹಾಗೆಯೇ ಓದಿ ಪಾಸಾದವಳು. ಪ್ರೋಟೀನನ್ನು ಹರಳುಗಟ್ಟಿಸಿ, ಎಕ್ಸ್‌ರೇ ಹಾಯಿಸಿ ಅದರ ಆಕಾರವನ್ನು ಬಿಡಿಸುವುದೇ ಸರ್ ಅವರ ದೃಷ್ಟಿಯಲ್ಲಿ ವಿಜ್ಞಾನ. ಉಳಿದದ್ದು ಅಡುಗೆ.

ಶಂಕರ ಬೈಲಹೊಂಗಲದವನು. ಅವರಪ್ಪನದು ಅಲ್ಲಿ ಟೇಲರ್ ಅಂಗಡಿ. ಸಂಶೋಧನೆಗೆ ಬಂದ ಹೊಸತರಲ್ಲಿ ಮಾತೇ ಆಡುತ್ತಿರಲಿಲ್ಲ. ನನ್ನನ್ನು ಅಕ್ಕಾರ ಎಂದು ಕರೆಯಲು ಶುರು ಮಾಡಿದ ಮೇಲೆ ಸ್ವಲ್ಪ ಬಾಯಿ ಬಿಟ್ಟ. ಪಿಪೆಟ್ ಹಿಡಿದರೆ ಸೂಜಿಗೆ ದಾರ ಪೋಣಿಸುವವರಂತೆ ಉಸಿರು ಬಿಗಿಹಿಡಿಯುತ್ತಿದ್ದ. ನಮ್ಮಲ್ಲಿ ಯಾರಿಗೂ ಜಪ್ಪಯ್ಯ ಅಂದರೂ ಉಳಿಯದಿದ್ದ ಒಂದು ಕಿಣ್ವ ಅವನ ಕೈಯಲ್ಲಿ ಉಳಿಯಿತು. "ಮಾಲತಿ, ಹುಡುಗನ್ದು ಕೈ ಭಾಳ ಛಲೋ ಅದ," ಎಂದು ಮೊದಲು ಹೇಳಿದವರು ಇನಾಮದಾರ ಸರ್ ಅವರೇ. ನಾನು ಅದನ್ನು ಶಂಕರನಿಗೆ ಹೇಳಿದೆ. ಅವತ್ತು ಸಂಜೆ ಅವನು ಎಲ್ಲರಿಗೂ ವಡಾಪಾವ್ ತಂದುಕೊಟ್ಟ.

ಆ ಕಿಣ್ವ ಎಲೆಯೊಳಗೆ ಸಕ್ಕರೆ ತಯಾರಿಸುವಾಗ ಬೇಕಾಗುವಂಥದ್ದು. ಬೆಳಕಿದ್ದಾಗ ಕೆಲಸ ಮಾಡುತ್ತದೆ, ಕತ್ತಲಾದರೆ ನಿಲ್ಲಿಸುತ್ತದೆ. ಯಾರು ನಿಲ್ಲಿಸುತ್ತಾರೆ? ಶಂಕರನ ಪ್ರಶ್ನೆ ಇದೇ. ಅದಕ್ಕಾಗಿ ನಾವಿಬ್ಬರೂ ಬೆಳಗ್ಗೆ ಮಂಡಈ ಮಾರ್ಕೆಟ್ಟಿಗೆ ಹೋಗಿ ಪಾಲಕ್ ತರುತ್ತಿದ್ದೆವು. ಎಲೆಗೆ ಕತ್ತಲೆ ಬೇಕಲ್ಲ, ಕೊಂಡ ಕೂಡಲೇ ಸೂಡುಗಳಿಗೆ ಕರಿ ಬಟ್ಟೆ ಸುತ್ತುತ್ತಿದ್ದೆವು. ಸೊಪ್ಪು ಮಾರುವ ಮಾವಶಿ ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟಳು: "ಕಾಯ್ ಬಾಈ, ಪಾಲಕಾಲಾ ನಜರ ಲಾಗತೇ ಕಾ?" ಪಾಲಕ್‌ಗೂ ದೃಷ್ಟಿಯಾಗುತ್ತದೆಯೇ ಎಂದು. ಶಂಕರ ಹೌದು ಎಂದು ತಲೆಯಾಡಿಸಿದ. ಆಕೆ ಅಂದಿನಿಂದ ನಮಗೆ ತಾಜಾ ಸೊಪ್ಪನ್ನೇ ತೆಗೆದಿಡುತ್ತಿದ್ದಳು.

ಒಂದು ಮಧ್ಯಾಹ್ನ ಕರೆಂಟ್ ಹೋಗಿ ಬಂದಾಗ ಕಿಣ್ವದ ಕೆಲಸ ಅಳೆಯಲು ರಸವನ್ನು ಉಗುರುಬೆಚ್ಚಗೆ ಇಡುವ ನೀರಿನ ತೊಟ್ಟಿಯ ಶಾಖದ ಗುಂಡಿ ಕೈಕೊಟ್ಟಿತು. ಅದರಲ್ಲಿದ್ದ ಶಂಕರನ ಪಾಲಕ್ ರಸ ಕೊತಕೊತ ಕುದಿದುಹೋಯಿತು. ಬೇರೆ ಯಾರಾದರೂ ಆಗಿದ್ದರೆ ನಾಲ್ಕು ಬೈದು ಸಿಂಕಿಗೆ ಸುರಿಯುತ್ತಿದ್ದರು. ಇವನು ಅದನ್ನು ಯಂತ್ರದಲ್ಲಿ ತಿರುಗಿಸಿದ. ಒಡೆದ ಪ್ರೋಟೀನುಗಳೆಲ್ಲ ಪನೀರಿನ ಹಾಗೆ ತಳಕ್ಕೆ ಕೂತವು, ಮೇಲೆ ತಿಳಿನೀರು ಉಳಿಯಿತು. ಆ ತಿಳಿಯ ಒಂದು ಹನಿಯನ್ನು ಒಳ್ಳೆಯ ಕಿಣ್ವಕ್ಕೆ ಹಾಕಿ ನೋಡಿ, ನೇರ ನನ್ನ ಹತ್ತಿರ ಬಂದ.

"ಅಕ್ಕಾರ, ಒಂದು ವಿಚಿತ್ರ ಆಗೇದ್ರಿ."

"ಹಗಲಿಡೀ ಮಾಡಿದ ಕೆಲಸಾನ ಸಾರು ಕುದಿಸಿದಂಗ ಕುದಿಸಿದಿ. ಅದಕಿಂತ ವಿಚಿತ್ರ ಏನಪಾ?"

"ಕುದ್ದ ಮ್ಯಾಲೂ ಅದು ಎಂಜೈಮ್ ನಿಲ್ಲಸ್ತದ್ರಿ."

ನಾನು ನಂಬಲಿಲ್ಲ. ನನ್ನ ಕೈಯಾರೆ ಮಾಡಿ ನೋಡಿದೆ. ಕಿಣ್ವ ತಟ್ಟನೆ ನಿಂತಿತು. ಕುದಿಸಿದರೂ ಸಾಯದ ಏನೋ ಒಂದು ಆ ತಿಳಿಯಲ್ಲಿತ್ತು.

ಇನಾಮದಾರ ಸರ್ ಕೇಳಿ ನಕ್ಕರು. "ಪಾತ್ರಿಗೆ ಸೋಪು ಉಳದದ. ಛಂದಂಗ ತೊಳೀರಿ," ಎಂದರು. ಶಂಕರ ಗಾಜುಗಳನ್ನೆಲ್ಲ ಆಸಿಡ್‌ನಲ್ಲಿ ತೊಳೆದ, ಭಟ್ಟಿ ಇಳಿಸಿದ ನೀರಲ್ಲಿ ಜಾಲಿಸಿದ, ಮತ್ತೆ ಮಾಡಿದ. ಕಿಣ್ವ ಮತ್ತೆ ನಿಂತಿತು. ಆಮೇಲೆ ಪ್ರೋಟೀನನ್ನು ಕತ್ತರಿಸುವ ಇನ್ನೊಂದು ಕಿಣ್ವವನ್ನು ಆ ತಿಳಿಗೆ ಹಾಕಿ ತೋರಿಸಿದ. ತಿಳಿಯ ಶಕ್ತಿ ಹೋಯಿತು. ಎಂದರೆ ಅದು ಸೋಪಲ್ಲ, ಉಪ್ಪಲ್ಲ, ಪ್ರೋಟೀನೇ. ಇಷ್ಟು ತೋರಿಸಲು ಅವನು ಪಟ್ಟ ಪಾಡು ನೋಡಿದವಳು ನಾನು. ಸರ್ ಹಾಳೆಗಳನ್ನು ತಿರುವಿ, "ಹಂಗಾದ್ರ ಆಕಾರ ತೋರಸು," ಎಂದರು.

ಅಲ್ಲಿಂದ ಅವನಿಗೆ ಶನಿ ಹಿಡಿಯಿತು. ಪ್ರೋಟೀನನ್ನು ಜೆಲ್ ಎಂಬ ಲೋಳೆಯಂಥ ಹಾಳೆಯ ಮೇಲೆ ವಿದ್ಯುತ್ತಿನಿಂದ ಓಡಿಸಿ ನೀಲಿ ಬಣ್ಣ ಹಾಕಿದರೆ, ಶುದ್ಧವಾದದ್ದು ಒಂದೇ ಪಟ್ಟಿಯಾಗಿ ನಿಲ್ಲಬೇಕು. ಶಂಕರನದು ಏಣಿಯ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತಿತ್ತು, ತುಂಡುತುಂಡಾದ ಗುರುತು. ನಮ್ಮಲ್ಲಿ ಏಣಿ ಕಂಡರೆ ಒಂದೇ ಅರ್ಥ: ಮಾಲು ಹಳಸಿದೆ, ಮಾಡಿದವನು ಮೈಗಳ್ಳ. ತುಂಡಾಗದೆ ಉಳಿದದ್ದೂ ಅದರ ಗಾತ್ರದ ಲೆಕ್ಕಕ್ಕೆ ನಿಲ್ಲಬೇಕಾದ ಜಾಗದಲ್ಲಿ ನಿಲ್ಲದೆ ಇನ್ನೆಲ್ಲೋ ನಿಲ್ಲುತ್ತಿತ್ತು. ಇನ್ನೊಂದು ಸಂಸ್ಥೆಯ ಯಂತ್ರದಲ್ಲಿ ಬೆಳಕು ಹಾಯಿಸಿ ಮಡಿಕೆಗಳಿವೆಯೇ ಎಂದು ನೋಡಿಸಿದೆವು. ಒಂದೂ ಇರಲಿಲ್ಲ. ಹರಳುಗಟ್ಟಿಸಲು ವರ್ಷಗಟ್ಟಲೆ ಹನಿಗಳನ್ನು ಇಟ್ಟ. ಪ್ರತಿ ಬೆಳಗ್ಗೆ ಬಂದು ಸೂಕ್ಷ್ಮದರ್ಶಕದಲ್ಲಿ ನೋಡುವುದು, ಬಿಳಿ ಕೆನೆ ಕಟ್ಟಿರುವುದನ್ನು ಕಂಡು ತಟ್ಟೆ ಮುಚ್ಚುವುದು. "ಬಂತೇನೋ?" ಎಂದು ಕೇಳುವುದನ್ನು ನಾನು ಕೊನೆಕೊನೆಗೆ ಬಿಟ್ಟೆ.

ವಿಭಾಗದ ಸಭೆಯಲ್ಲಿ ಅವನು ಒಮ್ಮೆ ಮಾತ್ರ ಎದುರಾಡಿದ. ಆಕಾರವಿಲ್ಲದ್ದು ಕೆಲಸ ಮಾಡುವುದು ಹೇಗೆ ಎಂದು ಸರ್ ಕೇಳಿದಾಗ, ಇಂಗ್ಲಿಷ್ ಬಿಟ್ಟು ಕನ್ನಡಕ್ಕೆ ಬಂದ.

"ಸರ್, ಹೊಲಿದ ಅಂಗಿಗೆ ಆಕಾರ ಇರ್ತದ. ರುಮಾಲಿಗೆ ಎಲ್ಲಿರ್ತದ್ರಿ? ಮಡಿಕಿ ಬಿಚ್ಚಿದ್ರ ಬರೇ ಉದ್ದನ್ನ ಅರಿವಿ. ತಲಿಗೆ ಸುತ್ತಿದ ಮ್ಯಾಲೆ ಆಕಾರ ಬರ್ತದ. ಇದೂ ಎಂಜೈಮ್ ಸಿಕ್ಕ ಮ್ಯಾಲೆ ಅದರ ಮೈಗೆ ಸುತ್ತಿಕೊಳ್ತದೋ ಏನೋ."

"ಇದು ಲ್ಯಾಬ್ ಅದ ಶಂಕರ. ನಿಮ್ಮಪ್ಪನ ಅಂಗಡಿ ಅಲ್ಲ," ಎಂದರು ಸರ್. ಕನ್ನಡ ಬಾರದವರೂ ಅವರ ಮುಖ ನೋಡಿ ನಕ್ಕರು. ನಗು ನಿಂತ ಮೇಲೆ ಸರ್ ಇನ್ನೊಂದು ಮಾತು ಸೇರಿಸಿದರು, ಮೆಲ್ಲಗೆ, ಬಹುಶಃ ಬುದ್ಧಿ ಹೇಳುತ್ತಿದ್ದೇನೆ ಎಂದುಕೊಂಡೇ: "ಮೊದಲ ನಿನ್ನ ಕೈ ಛಲೋ ಇತ್ತು. ಈಗ ಕೆಟ್ಟದ. ಒಪ್ಪಿಕೋ."

ಆ ವಾರದಿಂದಲೇ ಪಕ್ಕದ ಟೇಬಲ್ಲಿನವರು ಅವನು ತೊಳೆದಿಟ್ಟ ಬಾಟಲಿಗಳನ್ನು ಮತ್ತೆ ತೊಳೆಯತೊಡಗಿದರು.

ನಾನು ಸರ್ ಕೋಣೆಗೆ ಹೋಗಿ, ಸಿಕ್ಕಷ್ಟನ್ನು ಬರೆದು ಕಳಿಸೋಣ, ಆಕಾರ ಸಿಗಲಿಲ್ಲ ಎಂದೇ ಬರೆಯೋಣ, ಹುಡುಗನ ಡಿಗ್ರಿ ಆದರೂ ಆಗಲಿ ಎಂದೆ. "ಮಾಲತಿಬಾಯಿ, ಹಳಸಿದ್ದಕ್ಕ ನನ್ನ ಹೆಸರು ಹಾಕಿ ಕಳಸಲೇನು?" ಎಂದರು. ಜಗಳವಾಡಿದೆ. ನನ್ನ ನಾಲಿಗೆ ಚುರುಕು ಎಂದು ಹೆಸರಾದದ್ದು ಸುಮ್ಮನೆ ಅಲ್ಲ. ಆದರೆ ಜಗಳದಿಂದ ಏನೂ ಆಗಲಿಲ್ಲ. ಶಂಕರನ ಶಿಷ್ಯವೇತನ ಮುಗಿಯಿತು. ಟೇಬಲ್ ಒರೆಸಿ, ತನ್ನ ಸ್ವೆಟರ್ ಒಗೆದು ಮಡಚಿ ಶೀತಕೋಣೆಯ ಗೂಟಕ್ಕೆ ಹಾಕಿ ಹೋದ. ಬೇರೆ ಯಾರಿಗಾದರೂ ಬೇಕಾಗುತ್ತದೆ ಎಂದ. ಅವತ್ತು ನಾನು ಶೀತಕೋಣೆಯ ಒಳಗೆ ನಿಂತು ಅತ್ತೆ. ಅಳಲು ಅಷ್ಟು ಒಳ್ಳೆಯ ಜಾಗ ಇಡೀ ಸಂಸ್ಥೆಯಲ್ಲಿ ಬೇರೆ ಇರಲಿಲ್ಲ, ಯಂತ್ರದ ಸದ್ದಿಗೆ ಯಾರಿಗೂ ಕೇಳಿಸುವುದಿಲ್ಲ.

ತಳೇಗಾಂವದ ಒಂದು ಔಷಧಿ ಕಾರ್ಖಾನೆಯಲ್ಲಿ ಅವನಿಗೆ ಕೆಲಸ ಸಿಕ್ಕಿತು. ಪರೀಕ್ಷಾ ವಿಭಾಗಕ್ಕೆ ಕರೆದಿದ್ದರಂತೆ. ಇವನು ತಾನಾಗಿ ಗೋದಾಮಿನ ಕೆಲಸ ಕೇಳಿ ತೆಗೆದುಕೊಂಡಿದ್ದ. ನಾನು ಫೋನಿನಲ್ಲಿ ರೇಗಿದೆ.

"ಲ್ಯಾಬಿನ್ಯಾಗ ಜಾಗಾ ಇತ್ತಲ್ಲೋ! ಇಷ್ಟ ಕಲ್ತು ಡಬ್ಬಿ ಎಣಸ್ತೀ?"

"ಇಲ್ಲೇ ಛಲೋ ಅದ್ರಿ ಅಕ್ಕಾರ. ಎಲ್ಲಾ ಡಬ್ಬಿ ಮುಚ್ಚಿರ್ತಾವ. ನಾ ಮುಟ್ಟಿದ್ರೂ ಏನೂ ಕೆಡೂದಿಲ್ಲ."

ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡು ನಾನು ನಕ್ಕೆ. ಆಮೇಲೆ ದೀಪಾವಳಿಗೊಮ್ಮೆ ಫೋನು, ಮದುವೆಯ ಕರೆಯೋಲೆ, ಮಗಳು ಹುಟ್ಟಿದ ಸುದ್ದಿ. ಪಾಲಕ್ ವಿಷಯ ಅವನೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ.

ನಮ್ಮ ಕೆಲಸದ ರೀತಿ ಬದಲಾಯಿತು. ಮಂಡಈಯಿಂದ ಸೊಪ್ಪು ತರುವುದು ನಿಂತಿತು. ಬೇಕಾದ ಜೀನನ್ನು ಬ್ಯಾಕ್ಟೀರಿಯಾಕ್ಕೆ ಸೇರಿಸಿದರೆ ಅದೇ ಪ್ರೋಟೀನು ತಯಾರಿಸಿಕೊಡುತ್ತದೆ. ಹನಿ ಹಿಡಿಯಲು ಯಂತ್ರ ಬಂತು, ಹುಡುಗರು ಗುಂಡಿ ಒತ್ತಿ ಊಟಕ್ಕೆ ಹೋಗತೊಡಗಿದರು. ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ, ಒಳ್ಳೆಯದೇ ಆಯಿತು, ನನ್ನ ಮೊಣಕಾಲುಗಳಿಗಂತೂ ಬಹಳ ಒಳ್ಳೆಯದಾಯಿತು. ಇನಾಮದಾರ ಸರ್ ನಿವೃತ್ತರಾದರು. ಕೆಲವು ವರ್ಷಗಳ ಮೇಲೆ ನಾನೂ ಆದೆ.

ಮೊನ್ನೆ ಮೊನ್ನೆ ಸಂಸ್ಥೆಯಲ್ಲಿ ಒಂದು ಉಪನ್ಯಾಸವಿತ್ತು, ಹಳಬರನ್ನೂ ಕರೆದಿದ್ದರು. ಸರ್ ಮತ್ತು ನಾನು ಮುಂದಿನ ಸಾಲಿನಲ್ಲಿ ಕೂತೆವು. ಅವರ ಕಿವಿ ಮಂದವಾಗಿತ್ತು, ತಲೆ ಮಾತ್ರ ಚುರುಕಾಗಿಯೇ ಇತ್ತು. ಮಾತಾಡಿದವಳು ಇನ್ನೂ ಚಿಕ್ಕ ವಯಸ್ಸಿನ ವಿಜ್ಞಾನಿ. ಸ್ವಂತ ಆಕಾರವೇ ಇಲ್ಲದ ಪ್ರೋಟೀನುಗಳು ಜೀವಕೋಶದಲ್ಲಿ ಬಹಳ ಇವೆ ಎಂದಳು. ಅವು ಸಡಿಲವಾಗಿ, ಉದ್ದಕ್ಕೆ, ಬಳುಕುತ್ತ ಇರುತ್ತವೆ. ಕಿಣ್ವ ಸಿಕ್ಕಾಗ ಅದಕ್ಕೆ ತಕ್ಕಂತೆ ಅಂಟಿಕೊಂಡು ಅದನ್ನು ತಡೆದು ನಿಲ್ಲಿಸುತ್ತವೆ, ಸಮಯ ಬಂದಾಗ ಬಿಟ್ಟುಕೊಡುತ್ತವೆ. ಸಡಿಲವಾಗಿರುವುದು ಅವುಗಳ ದೋಷವಲ್ಲ, ಅದೇ ಅವುಗಳ ಸಾಮರ್ಥ್ಯ. ಮೈ ತೆರೆದುಕೊಂಡಿರುವುದರಿಂದ ಬೇಗ ತುಂಡಾಗುತ್ತವೆ, ಜೆಲ್ ಮೇಲೆ ತಪ್ಪು ಜಾಗದಲ್ಲಿ ನಿಲ್ಲುತ್ತವೆ, ಹರಳುಗಟ್ಟುವುದಿಲ್ಲ. ಎಲೆಯಲ್ಲೂ ಇಂಥದೊಂದು ಇದೆ, ಕತ್ತಲಾದಾಗ ಸಕ್ಕರೆಯ ಕಿಣ್ವವನ್ನು ಕಟ್ಟಿಹಾಕುತ್ತದೆ ಎಂದು ಚಿತ್ರ ತೋರಿಸಿದಳು.

ಶಂಕರ ಹೇಳಿದ್ದ ರುಮಾಲು ಇದೇ ಎಂದು ನನಗೆ ಹೊಳೆಯಿತು. ಪಕ್ಕಕ್ಕೆ ತಿರುಗಿ ನೋಡುವ ಧೈರ್ಯವಾಗಲಿಲ್ಲ. ಪ್ರಶ್ನೆಗಳ ಹೊತ್ತಿಗೆ ಸರ್ ಕುರ್ಚಿಯ ಕೈ ಹಿಡಿದು ಎದ್ದು ನಿಂತರು. ಇಂಗ್ಲಿಷಿನಲ್ಲಿ, ಬಹಳ ವಿನಯದಿಂದ, ಇದನ್ನು ಕುದಿಸಿದರೆ ಏನಾಗುತ್ತದೆ ಎಂದು ಕೇಳಿದರು.

"ಏನೂ ಆಗುವುದಿಲ್ಲ ಸರ್," ಎಂದಳು ಆಕೆ ನಗುತ್ತ. "ಒಡೆಯಲು ಅದಕ್ಕೆ ಮಡಿಕೆಗಳೇ ಇಲ್ಲವಲ್ಲ. ನಾವು ಶುದ್ಧಿ ಮಾಡುವಾಗ ಮೊದಲು ಕುದಿಸಿಯೇಬಿಡುತ್ತೇವೆ. ಬೇರೆಯವೆಲ್ಲ ತಳಕ್ಕೆ ಹೋಗುತ್ತವೆ, ಇದು ತಿಳಿಯಲ್ಲಿ ಉಳಿಯುತ್ತದೆ."

ಸರ್ ಥ್ಯಾಂಕ್ಯೂ ಎಂದು ಕೂತರು. ಚಹಾ ಕುಡಿಯದೆ ಮನೆಗೆ ಹೋದರು. ಮರುದಿನ ಬೆಳಗ್ಗೆ ಫೋನು ಬಂತು.

"ಮಾಲತಿ, ಆ ಶಂಕರ ಎಲ್ಲಿದ್ದಾನ?"

"ತಳೇಗಾಂವದಾಗ ಇದ್ದಾನ್ರಿ."

"ಕರಕೊಂಡು ಹೋಗ್ತಿ?"

ಶಿವಾಜಿನಗರದಿಂದ ಲೋಕಲ್ ಹಿಡಿದೆವು. ಕಾರು ಮಾಡೋಣ ಎಂದರೆ ಒಪ್ಪಲಿಲ್ಲ. ದಾರಿಯುದ್ದಕ್ಕೂ ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದರು. ದೇಹೂ ರೋಡ್ ದಾಟಿದ ಮೇಲೆ, "ನಾ ಒಮ್ಮೆ ನನ್ನ ಕೈಲೇ ಮಾಡಿ ನೋಡಬೇಕಿತ್ತು," ಎಂದರು. ಬೈಯಬೇಕೆಂದು ಎಷ್ಟೋ ವರ್ಷ ಕೂಡಿಟ್ಟಿದ್ದ ಮಾತುಗಳು ಅವರನ್ನು ಆ ಸೀಟಿನಲ್ಲಿ ನೋಡಿದಾಗ ಬಾಯಿಗೆ ಬರಲಿಲ್ಲ.

ಶಂಕರ ಸ್ಟೇಷನ್ನಿಗೆ ಬಂದಿದ್ದ. ತಲೆ ಬೆಳ್ಳಗಾಗಿತ್ತು. ಸರ್ ಕೈ ಹಿಡಿದು ರಿಕ್ಷಾ ಹತ್ತಿಸಿದ. ಮನೆಯಲ್ಲಿ ಅವನ ಹೆಂಡತಿ ಕಸ್ತೂರಿ ಅವಲಕ್ಕಿ ಹಚ್ಚಿಟ್ಟಿದ್ದಳು. ಸರ್ ತಿನ್ನುವ ಮೊದಲೇ ಹೇಳಿಬಿಟ್ಟರು, ಉಪನ್ಯಾಸದಲ್ಲಿ ಕೇಳಿದ್ದನ್ನೆಲ್ಲ, ಒಂದೊಂದಾಗಿ. ಏಣಿ ಏಕೆ ಬಂತು, ಹರಳು ಏಕೆ ಬರಲಿಲ್ಲ. ಕೊನೆಗೆ, "ನೀ ಮಾಡಿದ್ದು ಎಲ್ಲಾ ಖರೆ ಇತ್ತು ಶಂಕರ. ನಾ ತಿಳಕೊಳ್ಳಲಿಲ್ಲ," ಎಂದರು.

"ಅದು ಹಳಸಿದ್ದಿಲ್ಲೇನ್ರಿ ಹಂಗಾದ್ರ?" ಎಂದು ಶಂಕರ ಕೇಳಿದ.

"ಇಲ್ಲಪಾ."

ಕಸ್ತೂರಿಗೆ ಪ್ರೋಟೀನಿನ ವಿಷಯ ಏನು ತಿಳಿಯಬೇಕು, ಪಾಪ. ಮನೆಯ ಬಿಗುವನ್ನು ಸಡಿಲ ಮಾಡಲೆಂದು ನಗುತ್ತ ಶುರು ಮಾಡಿದಳು. "ಇವರದೊಂದು ಹುಚ್ಚು ಕೇಳ್ರಿ ಅಕ್ಕಾರ. ಲಗ್ನಾದಾಗಿಂದ ಒಂದಿನಾ ಹಾಲಿಗೆ ಹೆಪ್ಪು ಹಾಕಿಲ್ಲ. ನಾ ಜಡ್ಡಿಗೆ ಬಿದ್ರೂ ಪಕ್ಕದ ಮನಿಯವರನ್ನ ಕರೀತಾರ. ತಮ್ಮ ಕೈಯಾಗ ಎಲ್ಲಾ ಕೆಡ್ತದ ಅಂತಾರ."

ಡಬ್ಬಿ ಮುಚ್ಚಿರುತ್ತವೆ, ಕೆಡುವುದಿಲ್ಲ ಎಂದು ಅವನು ಫೋನಿನಲ್ಲಿ ಹೇಳಿದ್ದು ತಮಾಷೆಯಲ್ಲ ಎಂದು ನನಗೆ ಆಗ ತಿಳಿಯಿತು. ಸರ್ ಒಂದು ದಿನ ಒಂದು ಮಾತು ಆಡಿ ಮರೆತಿದ್ದರು. ಇವನು ಅದನ್ನು ಇಷ್ಟು ವರ್ಷ ನಂಬಿಕೊಂಡು ಬಾಳಿದ್ದ.

ಶಂಕರ ಹೆಂಡತಿಯ ಕಡೆ ನೋಡಲಿಲ್ಲ. ಸರ್‌ಗೇ ಹೇಳಿದ, ದೂರುವ ಧ್ವನಿಯೇ ಅಲ್ಲ, ಲೆಕ್ಕ ಒಪ್ಪಿಸುವವನ ಹಾಗೆ. "ಸರ್, ನಮ್ಮ ಮಗಳು ಬಯೊಕೆಮಿಸ್ಟ್ರಿ ಮಾಡ್ತೀನಿ ಅಂದಿದ್ಳರಿ. ಸೀಟೂ ಸಿಕ್ಕಿತ್ತು. ಊಟಾ ಬಿಟ್ಟು ಅತ್ಲು. ನಮ್ಮ ಮನ್ಯಾಗಿನವರ ಕೈಗೆ ಆ ಕೆಲಸ ಒಗ್ಗೂದಿಲ್ಲವಾ, ಕಡೀಕ ಭಾಳ ಅವಮಾನ ಆಗ್ತದ ಅಂತ ಹೇಳಿ ನಾನ ಬಿಡಿಸಿದೆ. ಈಗ ಇನ್ಶೂರೆನ್ಸ್ ಆಫೀಸಿನ್ಯಾಗ ಇದ್ದಾಳ. ಆಕಿಗೆ ಏನಂತ ಹೇಳ್ಲಿರಿ?"

ಕಸ್ತೂರಿ ನಗುವುದನ್ನು ನಿಲ್ಲಿಸಿ ಒಮ್ಮೆ ಗಂಡನನ್ನು, ಒಮ್ಮೆ ನನ್ನನ್ನು ನೋಡಿದಳು. ನಾನು ನೀರಿನ ಲೋಟವನ್ನು ಸರ್ ಕಡೆ ಸರಿಸಿದೆ.

ಅಷ್ಟರಲ್ಲಿ ಹೊರಗೆ ಸ್ಕೂಟಿ ನಿಂತ ಸದ್ದಾಯಿತು. ಮಗಳು ಹೆಲ್ಮೆಟ್ ಕೈಯಲ್ಲಿ ಹಿಡಿದುಕೊಂಡೇ ಒಳಗೆ ಬಂದಳು. ಶಂಕರನದೇ ಮುಖ. ಅಪರಿಚಿತರನ್ನು ಕಂಡು ಬಾಗಿಲಲ್ಲಿ ನಿಂತಳು.

"ಯಾರು ಬಂದಾರಪ್ಪಾ?"

"ನಮ್ಮ ಸರ್, ಬಾ," ಎಂದ ಶಂಕರ. ಎದ್ದು ನಿಂತು ಅವಳ ಕೈಯಿಂದ ಹೆಲ್ಮೆಟ್ ಇಸಿದುಕೊಂಡ. "ನನಗ ವಿದ್ಯಾ ಕಲಿಸಿದವರು. ನಮಸ್ಕಾರ ಮಾಡವಾ."

ಅವಳು ಬಂದು ಕಾಲು ಮುಟ್ಟಲು ಬಗ್ಗಿದಳು. ಇನಾಮದಾರ ಸರ್ ಎರಡೂ ಪಾದಗಳನ್ನು ಕುರ್ಚಿಯ ಕೆಳಗೆ ಎಳೆದುಕೊಂಡರು.